ಮರೀನಾದ ಮರಳಲ್ಲಿ ಮೀನಿನ ಮನೆ

ಅಕ್ವೇರಿಯಂ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಬೆಂಗಳೂರಿನ ಕಬ್ಬನ್ ಪಾರ್ಕ್. ಅಲ್ಲಿನದು ಶುರುವಾದದ್ದು 1983ರಲ್ಲಿ. ಮುಂಬೈಯ ತಾರಾಪೋರ್‌ವಾಲಾ 1951ರದ್ದು. ಆದರೆ ದೇಶದ ಮೊದಲ ಸಾರ್ವಜನಿಕ ಅಕ್ವೇರಿಯಂ ಇದ್ದದ್ದು ನಾವು ಸಂಜೆ ಸುಂಡಲ್ ಮೆಲ್ಲುತ್ತಾ ಅಡ್ಡಾಡುವ ಇದೇ ಮರೀನಾದಲ್ಲಿ, ಪ್ರೆಸಿಡೆನ್ಸಿ ಕಾಲೇಜಿನ ಎದುರಿಗೆ! ತೆರೆದದ್ದು 1909ರಲ್ಲಿ.

ಯೋಚನೆ ಎಗ್ಮೋರ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಅವರದು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದರಲ್ಲ, ಅವರೇ. ಜನರ ಮೂಗು ಅಳೆಯುತ್ತಿದ್ದ ಅವರ ಗೀಳು ನನಗಂತೂ ಹಿಡಿಸದು. ಆದರೆ ಕಡಲನ್ನು ನೋಡುವ ಕಣ್ಣು ಅವರಿಗಿತ್ತು. ಪಾಂಬನ್, ರಾಮೇಶ್ವರದ ಕಡೆಯ ಹವಳ, ಮುತ್ತಿನ ಚಿಪ್ಪು, ಶಂಖಗಳನ್ನು ಖುದ್ದು ಅಲ್ಲಿಗೆ ಹೋಗಿ ಅಭ್ಯಾಸ ಮಾಡಿದ್ದರು. ಮ್ಯೂಸಿಯಂನ ಸ್ಪಿರಿಟ್ ಬಾಟಲಿಗೆ ಇಳಿದ ಮೀನಿನ ಬಣ್ಣ ಹಾರಿಹೋಗುತ್ತದೆ. ಇನ್ನು ನಮ್ಮ ಮರೀನಾದಲ್ಲಿ ಬರೀ ಮರಳು, ಅಲೆಯ ಹೊಡೆತ. ದಡದಲ್ಲಿ ಎಷ್ಟು ಹೊತ್ತು ನಿಂತರೂ ಕಾಣುವುದು ನೊರೆಯೇ. ನೀರೊಳಗಿನ ಬದುಕನ್ನು ಊರಿನ ಜನಕ್ಕೆ ತೋರಿಸಬೇಕೆಂದರೆ ಗಾಜಿನ ತೊಟ್ಟಿಯೇ ಬೇಕಿತ್ತು.

ಮೊದಲು ಮ್ಯೂಸಿಯಂ ಕೈಯಲ್ಲಿದ್ದದ್ದು 1919ರಲ್ಲಿ ಮದ್ರಾಸ್ ಮೀನುಗಾರಿಕೆ ಇಲಾಖೆಗೆ ಹೋಯಿತು. ಮಂಗಳೂರು, ಉಡುಪಿ, ಕಾಸರಗೋಡಿನ ಕೇಳುಗರೇ, ಆಗ ನಿಮ್ಮ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯದ್ದೇ. ನಿಮ್ಮ ಅಜ್ಜಂದಿರ ಕಾಲದ ಬೂತಾಯಿ, ಬಂಗುಡೆಯ ಉಸ್ತುವಾರಿಯೂ ಇದೇ ಇಲಾಖೆಯದು!

ಎರಡು ಮಹಾಯುದ್ಧಗಳೂ ಈ ಮೀನಿನ ಮನೆಯ ಬಾಗಿಲಿಗೆ ಬಂದವು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನ್ ಹಡಗು ಎಮ್ಡನ್ ಬಂದರಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿತು. (ಗಟ್ಟಿಗನನ್ನು ಇಲ್ಲಿನವರು 'ಎಮ್ಡನ್' ಅನ್ನುವುದು ಅಂದಿನಿಂದಲೇ.) ಅಕ್ವೇರಿಯಂ ಉಳಿಯಿತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನಿ ಬಾಂಬು ಬಿದ್ದಾಗ ಮಾತ್ರ ಮದ್ರಾಸ್ ನಡುಗಿತು. ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ತಪ್ಪಿಸಿಕೊಂಡಾವೆಂದು ಮೃಗಾಲಯದ ಹುಲಿ, ಸಿಂಹಗಳನ್ನು ಗುಂಡಿಟ್ಟು ಕೊಂದರು. ಆ ವರ್ಷವೇ ಅಕ್ವೇರಿಯಂಗೂ ಬೀಗ ಬಿತ್ತು. ಯುದ್ಧ ಮುಗಿದ ಮೇಲೂ ಆ ವೈಭವ ಮರಳಲಿಲ್ಲ.

2019ರಲ್ಲಿ ಈಸಿಆರ್ ರಸ್ತೆಯಲ್ಲಿ ವಿಜಿಪಿ ಸಂಸ್ಥೆಯ ದೊಡ್ಡ ಅಕ್ವೇರಿಯಂ ಬಂತು. ಮಳೆಕಾಡಿನ ಹೊಳೆ, ಕಾಂಡ್ಲಾ ಕಾಡು, ಕರಾವಳಿ, ಆಳಸಾಗರ ಎಲ್ಲ ಒಂದೇ ಸೂರಿನಡಿ. ಗಾಜಿನ ಸುರಂಗದಲ್ಲಿ ತಲೆಯ ಮೇಲೇ ಮೀನು ಹಾಯುತ್ತವೆ. ಮಕ್ಕಳಿಗೆ ಹಬ್ಬವೇ. ಆದರೂ ನನಗೆ ಪಾಂಬನ್ ಕಡೆಯ ಹವಳಗಳದ್ದೇ ಚಿಂತೆ. ಆ ಮನ್ನಾರ್ ಕೊಲ್ಲಿಯಲ್ಲಿ 1998, 2010, 2016ರಲ್ಲಿ ನೀರು ಬಿಸಿಯೇರಿ ಹವಳ ಬಿಳಿಚಿಕೊಂಡಿತು. ನಗರದ ನಮಗೆ ಸುದ್ದಿಯೇ ಮುಟ್ಟಲಿಲ್ಲ.

ಮುಂದಿನ ಭಾನುವಾರ ಮರೀನಾಗೆ ಹೋದರೆ ಕಾಲೇಜಿನ ಎದುರು ಒಂದು ನಿಮಿಷ ನಿಲ್ಲಿ. ಮಕ್ಕಳು ಏನು ನೋಡ್ತಿದ್ದೀರಿ ಅಂತ ಕೇಳಿದರೆ, ಹೇಳಲು ಈಗ ಕಥೆ ಇದೆಯಲ್ಲ.