ಲಾರಿ ಎಂಜಿನ್ನಿನ ಅತಿತಾಪ ಮತ್ತು ಎ.ಸಿ.

ಎ.ಸಿ. ಹಾಕಿದಾಗ ಮಾತ್ರ ಲಾರಿಯ ಎಂಜಿನ್ ಮಿತಿಮೀರಿ ಕಾಯುವುದು ಭಾರಿ ವಾಹನಗಳಲ್ಲಿ ಆಗಾಗ ಕಾಣುವ ತೊಂದರೆ. ಎ.ಸಿ. ಹಾಕಿದ ಸ್ವಲ್ಪ ಹೊತ್ತಿಗೆ ಉಷ್ಣತೆಯ ಮೀಟರಿನ ಮುಳ್ಳು ಮೇಲೇರುತ್ತದೆ, ಆರಿಸಿದರೆ ಇಳಿಯುತ್ತದೆ. ಇದನ್ನು ನೋಡಿದವರು ತಪ್ಪು ಎ.ಸಿ.ಯದೇ ಎಂದುಕೊಳ್ಳುವುದು ಸಹಜ. ಆದರೆ ಬಹುಪಾಲು ಗಾಡಿಗಳಲ್ಲಿ ದೋಷವಿರುವುದು ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆಯಲ್ಲಿ. ಮೊದಲೇ ಸೊರಗಿದ್ದ ಆ ವ್ಯವಸ್ಥೆ ಎ.ಸಿ.ಯ ಹೆಚ್ಚುವರಿ ಹೊರೆಯನ್ನು ತಡೆಯಲಾರದೆ ಬಯಲಾಗುತ್ತದೆ. ಎ.ಸಿ. ಆರಿಸಿ ಓಡಿಸುವುದು ದೋಷ ಹುಡುಕುವಾಗ ಒಂದು ಪರೀಕ್ಷೆಯಾಗಬಹುದು, ದುರಸ್ತಿಯಾಗಲಾರದು.

ಭಾರತದಲ್ಲಿ ಈ ವಿಷಯಕ್ಕೆ ಈಚೆಗೆ ಮಹತ್ವ ಬಂದಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, 2025ರಿಂದ ತಯಾರಾಗುವ ಎನ್2 ಮತ್ತು ಎನ್3 ವರ್ಗದ ಸರಕು ವಾಹನಗಳ, ಅಂದರೆ ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳ, ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. ಬಿಸಿಲಿನಲ್ಲಿ ಎಂಜಿನ್ನಿನ ಪಕ್ಕದಲ್ಲೇ ಕುಳಿತು ದಿನವಿಡೀ ಓಡಿಸುವವರಿಗೆ ಇದು ಬಹಳ ಹಿಂದೆಯೇ ಸಿಗಬೇಕಿದ್ದ ಅನುಕೂಲ. ಎಂಜಿನ್ ಕಾಯುತ್ತದೆಂಬ ಭಯಕ್ಕೆ ಅದನ್ನು ಆರಿಸಿಡಬೇಕಾದರೆ ಆ ಅನುಕೂಲ ಹೆಸರಿಗಷ್ಟೇ ಉಳಿಯುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ರಸ್ತೆಗಳಲ್ಲಿ ಈ ದೋಷದ ಬಹುತೇಕ ಎಲ್ಲ ಕಾರಣಗಳೂ ಒಟ್ಟಿಗೆ ಸೇರುತ್ತವೆ. ಹಿಂದೆ 206 ಎಂದು ಕರೆಯುತ್ತಿದ್ದ ಈಗಿನ 69ನೇ ರಾಷ್ಟ್ರೀಯ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳ ಮೂಲಕ ಶಿವಮೊಗ್ಗದ ಕಡೆಗೆ ಹೋಗುತ್ತದೆ. ಚಿಕ್ಕಮಗಳೂರಿನಿಂದ ಬರುವ 173ನೇ ಹೆದ್ದಾರಿ ಕಡೂರಿನಲ್ಲಿ ಅದನ್ನು ಸೇರುತ್ತದೆ. ಕಡೂರು ಮಲೆನಾಡಿನ ಮಳೆನೆರಳಿನಲ್ಲಿರುವ ಒಣ ಬಯಲು. ತರೀಕೆರೆಯ ಪಶ್ಚಿಮ ಭಾಗ ಲಿಂಗದಹಳ್ಳಿ ದಾಟಿದೊಡನೆ ಬೆಟ್ಟ ಹತ್ತುತ್ತದೆ. ತೆಂಗು, ಅಡಿಕೆ, ಅಜ್ಜಂಪುರ ಕಡೆಯ ಈರುಳ್ಳಿ ಇಲ್ಲಿನ ಮುಖ್ಯ ಲೋಡುಗಳು. ಹೆದ್ದಾರಿ ಅಗಲೀಕರಣ, ಅಜ್ಜಂಪುರದ ಬಳಿ ಸುರಂಗದಲ್ಲಿ ಹಾಯುವ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ಇಂಥ ಕಾಮಗಾರಿಗಳಿಗೆ ಓಡಾಡುವ ಟಿಪ್ಪರುಗಳು ದೂಳಿನಲ್ಲೇ ದುಡಿಯುತ್ತವೆ.

ಡೀಸೆಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ಒಂದು ಭಾಗ ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ಭಾಗವನ್ನು ಕೂಲೆಂಟ್ ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಬಿಡುತ್ತದೆ. ಎ.ಸಿ. ಇಲ್ಲಿ ಎರಡು ಕಡೆ ಕೈಹಾಕುತ್ತದೆ. ಅದರ ಕಂಪ್ರೆಸರ್ ಎಂಜಿನ್ನಿನಿಂದಲೇ ಎರಡು ಕಿಲೋವಾಟ್ ಆಸುಪಾಸಿನ ಶಕ್ತಿ ಎಳೆದುಕೊಳ್ಳುತ್ತದೆ. ಲಾರಿಯ ಎಂಜಿನ್ನಿಗೆ ಇದು ಲೆಕ್ಕಕ್ಕೆ ಬರುವಷ್ಟಲ್ಲ. ನಿಜವಾದ ಪೆಟ್ಟು ಬೀಳುವುದು ಗಾಳಿಯ ದಾರಿಯಲ್ಲಿ. ಸಾಮಾನ್ಯವಾಗಿ ಎ.ಸಿ.ಯ ಕಂಡೆನ್ಸರ್ ರೇಡಿಯೇಟರಿನ ಮುಂದೆ ಇರುತ್ತದೆ; ಟರ್ಬೊ ಎಂಜಿನ್ನುಗಳಲ್ಲಿ ಇಂಟರ್‌ಕೂಲರೂ ಅಲ್ಲೇ ಸೇರಿಕೊಂಡಿರುತ್ತದೆ. ಕ್ಯಾಬಿನ್ನಿನಿಂದ ತೆಗೆದ ಶಾಖವನ್ನು ಕಂಡೆನ್ಸರ್ ಎದುರಿನ ಗಾಳಿಗೆ ಬಿಡುತ್ತದೆ, ಆ ಬೆಚ್ಚನೆಯ ಗಾಳಿಯೇ ಹಿಂದಿನ ರೇಡಿಯೇಟರಿಗೆ ಸಿಗುತ್ತದೆ.

ಒಂದು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಕ್ಯಾಬಿನ್ನಿನಿಂದ ತೆಗೆದ 4 ಕಿಲೋವಾಟ್ ಮತ್ತು ಕಂಪ್ರೆಸರಿನ 2 ಕಿಲೋವಾಟ್ ಸೇರಿ ಕಂಡೆನ್ಸರ್ 6 ಕಿಲೋವಾಟ್ ಶಾಖ ಹೊರಹಾಕುತ್ತದೆ ಎಂದುಕೊಳ್ಳೋಣ. ಹೆದ್ದಾರಿಯ ವೇಗದಲ್ಲಿ ಸೆಕೆಂಡಿಗೆ 3 ಕಿಲೋಗ್ರಾಂ ಗಾಳಿ ಹಾಯ್ದರೆ ಅದರ ಉಷ್ಣತೆ ಏರುವುದು 2 ಡಿಗ್ರಿ ಮಾತ್ರ. ಗಾಡಿ ತೆವಳುವಾಗ ಅರ್ಧ ಕಿಲೋಗ್ರಾಂ ಗಾಳಿಯಷ್ಟೇ ಹಾಯ್ದರೆ 12 ಡಿಗ್ರಿ ಏರುತ್ತದೆ. ಹೊರಗೆ 38 ಡಿಗ್ರಿ, ಕೂಲೆಂಟ್ 95 ಡಿಗ್ರಿ ಇದ್ದಾಗ ಅವುಗಳ ಅಂತರ 57. ಗಾಳಿ 12 ಡಿಗ್ರಿ ಕಾದರೆ ಅಂತರ 45ಕ್ಕೆ ಇಳಿದು ರೇಡಿಯೇಟರಿನ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಸುಸ್ಥಿತಿಯ ವ್ಯವಸ್ಥೆಯಲ್ಲಿ ಇಷ್ಟನ್ನು ತಾಳುವ ಮಿಗಿತ ಇರುತ್ತದೆ, ಸೊರಗಿದ್ದರಲ್ಲಿ ಇರುವುದಿಲ್ಲ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಚಾಲಕನನ್ನು ಕೇಳಿ ತಿಳಿಯಬೇಕಾದ್ದು, ಗಾಡಿ ಯಾವಾಗ ಹೀಟ್ ಆಗುತ್ತದೆ ಎಂಬುದು. ಬೀರೂರಿನ ಮಂಡಿಯ ಮುಂದೆ ಎಂಜಿನ್ ಚಾಲೂ ಇಟ್ಟು ಲೋಡಿಗೆ ಕಾಯುವಾಗ ಮುಳ್ಳು ಏರಿ, ರಸ್ತೆಗಿಳಿದು ವೇಗ ಹಿಡಿದೊಡನೆ ಇಳಿದರೆ ಗಾಳಿಯ ಕೊರತೆ ಎಂದರ್ಥ. ಫ್ಯಾನು, ಅದರ ಕ್ಲಚ್ಚು, ಸುತ್ತಲಿನ ಹೊದಿಕೆ, ಕಂಡೆನ್ಸರುಗಳನ್ನು ನೋಡಬೇಕು. ಕಡೂರಿನಿಂದ ಅರಸೀಕೆರೆಯ ಕಡೆಗೆ ತುಂಬಿದ ಲೋಡಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಏರಿದರೆ ಗಾಳಿ ಸಾಕಷ್ಟಿದೆ, ಕೂಲೆಂಟಿನ ಹರಿವು ಸಾಲದು ಎಂದು ತಿಳಿಯಬೇಕು. ಲಿಂಗದಹಳ್ಳಿಯಿಂದ ಬೆಟ್ಟದ ಕಡೆಗೆ ಎರಡನೇ ಮೂರನೇ ಗೇರಿನಲ್ಲಿ ಹತ್ತುವಾಗ ಮಾತ್ರ ಕಾಯುವ ಗಾಡಿ ಅತ್ಯಂತ ಕಠಿಣ ಪರೀಕ್ಷೆಯಲ್ಲಿದೆ. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಇರುವುದಿಲ್ಲ, ಎಲ್ಲವೂ ಫ್ಯಾನಿನ ಮೇಲೆ ನಿಂತಿರುತ್ತದೆ. ಇಲ್ಲಿ ಗಾಳಿ, ಕೂಲೆಂಟ್ ಎರಡೂ ಕಡೆಯ ಸಣ್ಣಪುಟ್ಟ ದೋಷಗಳು ಕೂಡಿಕೊಂಡಿರಬಹುದು.

ಮುಳ್ಳು ನಿಜ ಹೇಳುತ್ತಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಸ್ಕ್ಯಾನರಿನಲ್ಲಿ ಕಾಣುವ ಕೂಲೆಂಟ್ ಉಷ್ಣತೆಯನ್ನು ಥರ್ಮೋಸ್ಟಾಟ್ ಕವಚದ ಮೇಲೆ ಇನ್‌ಫ್ರಾರೆಡ್ ಮಾಪಕದಿಂದ ಅಳೆದುದರ ಜೊತೆ ಹೋಲಿಸಿದರೆ ಸೆನ್ಸರಿನ ತಪ್ಪು ಗೊತ್ತಾಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಮಾಪಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಪ್ಪು ಟೇಪು ಅಂಟಿಸಿ ಅದರ ಮೇಲೆ ಅಳೆಯುವುದು ಒಳ್ಳೆಯದು.

ಈ ಭಾಗದಲ್ಲಿ ಮೊದಲು ಅನುಮಾನಿಸಬೇಕಾದ್ದು ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದು. ಸುಗ್ಗಿಯಲ್ಲಿ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಡಿ ಒಕ್ಕಣೆ ಮಾಡುವುದು ಬಯಲುಸೀಮೆಯ ತಾಲ್ಲೂಕುಗಳಲ್ಲಿ ಬಿಡದೆ ನಡೆದುಬಂದಿದೆ. ಆ ಹುಲ್ಲಿನ ಮೇಲೆ ಹಾದ ಲಾರಿ ಹೊಟ್ಟನ್ನೂ ಸುಂಕನ್ನೂ ಗ್ರಿಲ್ಲಿನೊಳಗೆ ಎಳೆದುಕೊಳ್ಳುತ್ತದೆ. ಅದರ ಜೊತೆಗೆ ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆಯ ಚೂರು, ಈರುಳ್ಳಿಯ ತೆಳು ಸಿಪ್ಪೆ ಸೇರುತ್ತವೆ. ಕಂಡೆನ್ಸರಿನ ರೆಕ್ಕೆಗಳ ಸಂದಿನಲ್ಲಿ ನುಸುಳಿದ ಸಣ್ಣ ಚೂರುಗಳೂ ಅಂಚಿನಿಂದ ಒಳಹೊಕ್ಕವೂ ರೇಡಿಯೇಟರಿನ ಮುಖಕ್ಕೆ ಬಂದು ನಿಲ್ಲುತ್ತವೆ. ಎಲ್ಲಿಂದಲೋ ಒಸರಿದ ಎಣ್ಣೆ ತಗುಲಿದರೆ ದೂಳೂ ಹೊಟ್ಟೂ ಮೆತ್ತಿಕೊಂಡು ಕಂಬಳಿಯಂತೆ ಹೊದ್ದುಕೊಳ್ಳುತ್ತವೆ. ಮುಂದಿನಿಂದ ನೋಡಿದವರಿಗೆ ಚೊಕ್ಕಟವಾದ ಕಂಡೆನ್ಸರ್ ಮಾತ್ರ ಕಾಣುತ್ತದೆ. ಇನ್ನೊಂದು ಮಾತು: ಡಿಸೆಂಬರ್ ಜನವರಿಯ ಒಕ್ಕಣೆಯಲ್ಲಿ ಸೇರಿದ ಹೊಟ್ಟು ಆ ಚಳಿಯಲ್ಲಿ ಏನೂ ಮಾಡುವುದಿಲ್ಲ. ಮಾರ್ಚ್ ತಿಂಗಳ ಬಿಸಿಲಿಗೆ ಎ.ಸಿ. ಹಾಕಿದ ದಿನ ತೊಂದರೆ ಕೊಡುತ್ತದೆ, ಆಗ ಯಾರಿಗೂ ಒಕ್ಕಣೆಯ ನೆನಪಿರುವುದಿಲ್ಲ.

ಇದನ್ನು ಪತ್ತೆಮಾಡಲು ಫ್ಯಾನಿನ ಕಡೆಯಿಂದ ದೀಪ ಹಿಡಿದು ಮುಂದಿನಿಂದ ನೋಡಬೇಕು. ಬೆಳಕು ಹಾಯದ ಜಾಗ ಕಟ್ಟಿಕೊಂಡಿದೆ. ಕಂಡೆನ್ಸರಿನ ಬೋಲ್ಟು ಬಿಚ್ಚಿ, ಗ್ಯಾಸಿನ ಪೈಪುಗಳನ್ನು ಕಳಚದೆ, ಮುಂದಕ್ಕೆ ಬಾಗಿಸಿದರೆ ಹೆಚ್ಚಿನ ಗಾಡಿಗಳಲ್ಲಿ ಕೈ ಹೋಗುವಷ್ಟು ಸಂದು ಸಿಗುತ್ತದೆ. ನೀರನ್ನೋ ಗಾಳಿಯನ್ನೋ ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಹದವಾದ ಒತ್ತಡದಲ್ಲಿ ಹಾಯಿಸಬೇಕು. ವಾಟರ್ ಸರ್ವಿಸ್ ಮಾಡುವಾಗ ಮುಂದಿನಿಂದ ಜೋರಾಗಿ ನೀರು ಹೊಡೆದರೆ ಕಸ ಇನ್ನಷ್ಟು ಒಳಗೆ ಸೇರುತ್ತದೆ, ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಖಾಯಂ ಆಗಿ ಮುಚ್ಚುತ್ತದೆ.

ಸಂದು ಚೊಕ್ಕಟವಿದ್ದರೆ ಮುಂದಿನದು ಫ್ಯಾನು. ಹಳೆಯ ಲಾರಿಗಳಲ್ಲಿ ಬೆಲ್ಟಿನ ಜೊತೆ ಸದಾ ತಿರುಗುವ ಫ್ಯಾನಿತ್ತು. ಈಗಿನವುಗಳಲ್ಲಿ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್ ಇರುತ್ತದೆ. ರೇಡಿಯೇಟರಿನ ಹಿಂದಿನ ಗಾಳಿ ಬಿಸಿಯಾದಾಗ ಕ್ಲಚ್ಚಿನ ಮೂತಿಯ ಲೋಹದ ಪಟ್ಟಿ ಬಾಗಿ ಎಣ್ಣೆಗೆ ದಾರಿ ಬಿಡುತ್ತದೆ, ಆಗ ಫ್ಯಾನು ಪೂರ್ತಿ ವೇಗ ಹಿಡಿಯುತ್ತದೆ. ಕೆಲವು ಮಾದರಿಗಳಲ್ಲಿ ಇದನ್ನು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ನಿರ್ಧರಿಸುತ್ತದೆ. ಎಂಜಿನ್ ಚೆನ್ನಾಗಿ ಕಾದಾಗ ಫ್ಯಾನು ಜೋರಾಗಿ ಮೊರೆಯುವುದು ಕೇಳಬೇಕು. ಆ ಸದ್ದೇ ಬರದಿದ್ದರೆ, ಎಂಜಿನ್ ನಿಲ್ಲಿಸಿ ಕೀ ತೆಗೆದ ಮೇಲೆ ಬಿಸಿ ಫ್ಯಾನನ್ನು ಕೈಯಿಂದ ತಿರುಗಿಸಿದಾಗ ತಡೆಯಿಲ್ಲದೆ ಸುತ್ತಿದರೆ, ಅಥವಾ ಕ್ಲಚ್ಚಿನ ಮುಖದ ಮೇಲೆ ಎಣ್ಣೆಯ ಗೆರೆಗಳಿದ್ದರೆ ಕ್ಲಚ್ ಸತ್ತಿದೆ ಎನ್ನಬಹುದು. ಅಪಘಾತದ ರಿಪೇರಿಯ ನಂತರ ಫ್ಯಾನಿನ ಹೊದಿಕೆಯನ್ನು ಹಾಕದೆ ಬಿಟ್ಟ ಗಾಡಿಗಳೂ ಇರುತ್ತವೆ. ಹೊದಿಕೆ ಇಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಎಳೆಯಬೇಕಾದ ಗಾಳಿಯನ್ನು ಪಕ್ಕದಿಂದಲೇ ಎಳೆದುಕೊಳ್ಳುತ್ತದೆ. ವಾಟರ್ ಪಂಪು, ಫ್ಯಾನು, ಕಂಪ್ರೆಸರ್ ಮೂರಕ್ಕೂ ಒಂದೇ ಬೆಲ್ಟು ಇರುವ ಎಂಜಿನ್ನುಗಳಲ್ಲಿ ಟೆನ್ಷನರ್ ಸಡಿಲವಾದರೆ, ಎ.ಸಿ. ಕ್ಲಚ್ ಕಚ್ಚಿದ ಕ್ಷಣ ಬೆಲ್ಟು ಜಾರಿ ಪಂಪೂ ಫ್ಯಾನೂ ನಿಧಾನವಾಗುತ್ತವೆ. ಕಿರ್ರೆಂಬ ಸದ್ದು, ಬೆಲ್ಟಿನ ಕನ್ನಡಿಯಂಥ ಹೊಳಪು ಇದರ ಗುರುತು.

ಕೂಲೆಂಟಿನ ಕಡೆಯ ದೋಷಗಳಲ್ಲಿ ಬಹುಪಾಲು ನೀರಿನಿಂದಲೇ ಹುಟ್ಟುತ್ತವೆ. ಬೋರ್‌ವೆಲ್ಲಿನ ಗಡಸು ನೀರನ್ನು ಮೇಲಿಂದ ಮೇಲೆ ತುಂಬುತ್ತಿದ್ದರೆ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಬ್ಲಾಕಿನಲ್ಲಿ ತುಕ್ಕು ಹಿಡಿಯುತ್ತದೆ, ಡೀಸೆಲ್ ಎಂಜಿನ್ನಿನ ಲೈನರುಗಳ ಹೊರಮೈಯಲ್ಲಿ ಗುಳಿ ಬೀಳುತ್ತದೆ. ತಯಾರಕರು ಹೇಳಿದ ಕೂಲೆಂಟನ್ನು ಸಾಮಾನ್ಯವಾಗಿ ಖನಿಜ ತೆಗೆದ ನೀರಿನೊಂದಿಗೆ ಸಮಪಾಲಿನಲ್ಲಿ ಬೆರೆಸಬೇಕು. ಕಾದ ರೇಡಿಯೇಟರಿನ ಮುಖದ ಉದ್ದಕ್ಕೂ ಮಾಪಕ ಹಿಡಿದಾಗ ಅಲ್ಲಲ್ಲಿ ತಣ್ಣನೆಯ ಪಟ್ಟಿಗಳು ಸಿಕ್ಕರೆ ಆ ಕೊಳವೆಗಳಲ್ಲಿ ಹರಿವಿಲ್ಲ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರುಗಳ ತೊಟ್ಟಿ ಬಿಚ್ಚಿ ಸಲಾಕೆ ಹಾಯಿಸಿ ತೆರವು ಮಾಡಬಹುದಿತ್ತು. ಪ್ಲಾಸ್ಟಿಕ್ ತೊಟ್ಟಿಯ ಅಲ್ಯೂಮಿನಿಯಂ ರೇಡಿಯೇಟರುಗಳನ್ನು ಸಾಮಾನ್ಯವಾಗಿ ಬದಲಿಸಬೇಕಾಗುತ್ತದೆ. ಥರ್ಮೋಸ್ಟಾಟನ್ನು ಬಿಸಿನೀರಿನಲ್ಲಿ ಮುಳುಗಿಸಿ, ಅದರ ಮೇಲೆ ಮುದ್ರಿಸಿದ ಉಷ್ಣತೆಗೆ ತೆರೆಯುತ್ತದೆಯೇ ಎಂದು ನೋಡಬಹುದು. ಅದನ್ನು ತೆಗೆದೇ ಹಾಕುವುದು ರೂಢಿಯಲ್ಲಿರುವ ಕೆಟ್ಟ ಉಪಾಯ. ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚದೆ, ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಎಂಜಿನ್ನಿಗೆ ಮರಳುತ್ತದೆ.

ರೇಡಿಯೇಟರಿನ ಕ್ಯಾಪನ್ನು ಮರೆಯುವವರು ಹೆಚ್ಚು. 0.5ರಿಂದ 1 ಬಾರ್ ಒತ್ತಡ ಹಿಡಿದಿಡುವ ಈ ಮುಚ್ಚಳ ಕೂಲೆಂಟಿನ ಕುದಿಬಿಂದುವನ್ನು ಏರಿಸುತ್ತದೆ. 1 ಬಾರ್ ಕ್ಯಾಪ್ ಸರಿಯಿದ್ದರೆ ಬರಿಯ ನೀರು ಕೂಡ ಸಮುದ್ರಮಟ್ಟದಲ್ಲಿ 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅದರ ರಬ್ಬರ್ ಸವೆದಿದ್ದರೆ, 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ನೀರು 95 ಡಿಗ್ರಿಗೇ ಉಕ್ಕುತ್ತದೆ. ಅಂದರೆ ಎಂಜಿನ್ ತನ್ನ ಮಾಮೂಲಿ ಉಷ್ಣತೆಯಲ್ಲಿರುವಾಗಲೇ ಕುದಿ ಶುರುವಾಗುತ್ತದೆ.

ಎ.ಸಿ.ಯಲ್ಲೇ ತಪ್ಪಿರುವ ಸಂದರ್ಭಗಳೂ ಇವೆ. ತೂಕ ಮಾಡದೆ ಅಂದಾಜಿನಲ್ಲಿ ಗ್ಯಾಸ್ ತುಂಬಿಸಿದ ಗಾಡಿಯಲ್ಲಿ ಒತ್ತಡ ವಿಪರೀತ ಏರುತ್ತದೆ, ಕಂಪ್ರೆಸರ್ ಹೆಚ್ಚು ಶಕ್ತಿ ಎಳೆಯುತ್ತದೆ, ಕಂಡೆನ್ಸರ್ ಹೆಚ್ಚು ಕಾಯುತ್ತದೆ. ಆರ್-134ಎ ಗ್ಯಾಸಿನ ವ್ಯವಸ್ಥೆಯಲ್ಲಿ 35 ಡಿಗ್ರಿ ಬಿಸಿಲಿಗೆ ಹೆಚ್ಚಿನ ಒತ್ತಡದ ಬದಿ ಸುಮಾರು 13ರಿಂದ 17 ಬಾರ್ ತೋರಿಸುತ್ತದೆ. ಅದು 20 ದಾಟಿದಾಗ ಕಂಡೆನ್ಸರಿನ ಮೇಲೆ ನೀರು ಚಿಮುಕಿಸಿ ನೋಡಬೇಕು. ಒತ್ತಡ ಕೂಡಲೇ ಇಳಿದು ಮಾಮೂಲಿಗೆ ಬಂದರೆ ಕೊರತೆ ಗಾಳಿಯದು. ಹಾಗೆಯೇ ನಿಂತರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ ಅಥವಾ ಕಂಡೆನ್ಸರ್ ಒಳಗಿನಿಂದ ಕಟ್ಟಿಕೊಂಡಿದೆ. ಹೊರಗಿನಿಂದ ಎ.ಸಿ. ಕೂಡಿಸಿದ ಹಳೆಯ ಲಾರಿಗಳಲ್ಲಿ ಕಂಡೆನ್ಸರ್ ತನ್ನದೇ ವಿದ್ಯುತ್ ಫ್ಯಾನುಗಳೊಂದಿಗೆ ಕ್ಯಾಬಿನ್ನಿನ ಮೇಲಿದ್ದರೆ ರೇಡಿಯೇಟರಿಗೆ ಬಿಸಿಗಾಳಿ ತಗಲುವುದಿಲ್ಲ. ಅಂಥ ಗಾಡಿಯೂ ಎ.ಸಿ. ಹಾಕಿದಾಗ ಕಾದರೆ ಬೆಲ್ಟನ್ನೂ ಕಂಪ್ರೆಸರಿನ ಬಿಗಿತವನ್ನೂ ಮೊದಲು ನೋಡಬೇಕು.

ಇವೆಲ್ಲ ಸರಿಯಿದ್ದೂ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ, ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದೊಡನೆ ಹೋಸು ಗಟ್ಟಿಯಾದರೆ, ಹೊರಗೆ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಬೇಕು. ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ಪರೀಕ್ಷಾ ದ್ರವದ ಮೂಲಕ ಹಾಯಿಸಿದಾಗ ಅದರ ಬಣ್ಣ ಬದಲಾದರೆ ಸಿಲಿಂಡರಿನ ಗ್ಯಾಸು ಕೂಲೆಂಟಿಗೆ ಸೇರುತ್ತಿದೆ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಬಂದರೆ ಎ.ಸಿ. ಆರಿಸಿ, ಗಾಡಿಯನ್ನು ಬದಿಗೆ ನಿಲ್ಲಿಸಬೇಕು. ಕೂಲೆಂಟ್ ಸೋರಿಲ್ಲ ಎಂದು ಖಚಿತವಿದ್ದರೆ ಎಂಜಿನ್ನನ್ನು ಸ್ವಲ್ಪ ಹೊತ್ತು ಲೋಡಿಲ್ಲದೆ ಓಡಲು ಬಿಡುವುದರಿಂದ ಪಂಪೂ ಫ್ಯಾನೂ ಕೆಲಸ ಮುಂದುವರಿಸಿ ಉಷ್ಣತೆ ಇಳಿಯುತ್ತದೆ. ಸೋರಿದ್ದರೆ ತಕ್ಷಣ ಆರಿಸಬೇಕು. ಬಿಸಿ ಇರುವಾಗ ಕ್ಯಾಪ್ ತೆಗೆದರೆ ಕುದಿಯುವ ನೀರೂ ಹಬೆಯೂ ಮುಖಕ್ಕೆ ಎರಚುತ್ತವೆ, ಇದರಿಂದ ಆಗುವ ಸುಟ್ಟಗಾಯಗಳು ಘೋರ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು.

ದುರಸ್ತಿಯಾದ ಮೇಲೆ ಶೆಡ್ಡಿನಲ್ಲಿ ನಿಲ್ಲಿಸಿ ನೋಡಿದರೆ ಸಾಲದು. ಮೊದಲು ಯಾವ ರಸ್ತೆಯಲ್ಲಿ, ಯಾವ ಲೋಡಿನಲ್ಲಿ ಕಾಯುತ್ತಿತ್ತೋ ಅದೇ ರಸ್ತೆಯಲ್ಲಿ, ಅದೇ ಲೋಡಿನೊಂದಿಗೆ, ನಡುಮಧ್ಯಾಹ್ನ ಎ.ಸಿ. ಹಾಕಿಕೊಂಡೇ ಓಡಿಸಿ ಸ್ಕ್ಯಾನರಿನಲ್ಲಿ ಕೂಲೆಂಟ್ ಉಷ್ಣತೆಯನ್ನು ಗಮನಿಸಬೇಕು. ಏರಿನಲ್ಲಿ ಅದು ಹೆಚ್ಚಿ ಒಂದು ಮಟ್ಟದಲ್ಲಿ ನಿಂತು, ಏರು ಮುಗಿದ ಕೆಲವೇ ನಿಮಿಷಗಳಲ್ಲಿ ಮೊದಲಿನ ಅಂಕಕ್ಕೆ ಮರಳಿದರೆ ವ್ಯವಸ್ಥೆ ಸರಿಯಿದೆ. ನಿಲ್ಲದೆ ಏರುತ್ತಲೇ ಹೋದರೆ ಇನ್ನೂ ಒಂದು ದೋಷ ಉಳಿದಿದೆ, ಹುಡುಕಾಟ ಮತ್ತೆ ಗಾಳಿಯ ದಾರಿಯಿಂದ ಶುರುವಾಗಬೇಕು.