ಮಡುವಿನಿಂದ ಗಾಜಿನ ತೊಟ್ಟಿಗೆ: ಮಂಡ್ಯ ಸೀಮೆಯ ಮೀನುಲೋಕ

ಮೀನು ಹಿಡಿಯುವುದು ಮಾನವನ ಅತಿ ಪ್ರಾಚೀನ ಕಸುಬುಗಳಲ್ಲೊಂದು. ಅದನ್ನು ನೋಡುವುದಕ್ಕೆಂದೇ ಗಾಜಿನ ತೊಟ್ಟಿಯಲ್ಲಿರಿಸುವುದು ಈಚಿನ ಪದ್ಧತಿ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದದ್ದು 1853ರಲ್ಲಿ. ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ ಆರಂಭವಾದದ್ದು 1983ರಲ್ಲಿ. ಮಂಡ್ಯ ಜಿಲ್ಲೆಯ ಮಟ್ಟಿಗೆ ಕೃಷ್ಣರಾಜಸಾಗರದ ಬೃಂದಾವನದಲ್ಲಿರುವ ಮತ್ಸ್ಯಾಲಯವನ್ನು ಹೆಸರಿಸಬೇಕು. 1911ರಲ್ಲಿ ಕೆಲಸ ಆರಂಭವಾದ ಅಣೆಕಟ್ಟೆಯ ಮಗ್ಗುಲಲ್ಲಿ, ಕಾವೇರಿಯ ದಡದಲ್ಲೇ, ಪ್ರವಾಸಿಗರು ಗಾಜಿನಾಚೆಯ ಮೀನುಗಳನ್ನು ಕಾಣುತ್ತಾರೆ. ಇಂತಹ ತೊಟ್ಟಿಗಳು ಬರುವ ಮುನ್ನ ಈ ಸೀಮೆಯ ಜನ ಮೀನನ್ನು ಹೇಗೆ ಕಂಡಿದ್ದರೆಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ನಮ್ಮಲ್ಲಿ ಮೀನನ್ನು ಹಿಡಿಯದೆ ನೋಡುವ ಸಂಪ್ರದಾಯ ದೇವರ ಮಡುಗಳಲ್ಲಿ ಬೆಳೆದುಬಂದಿದೆ. ಶೃಂಗೇರಿಯ ತುಂಗೆಯಲ್ಲೂ ಕಾವೇರಿ ತೀರದ ರಾಮನಾಥಪುರದಲ್ಲೂ ಭಕ್ತರು ಮೀನುಗಳಿಗೆ ಆಹಾರ ಹಾಕುತ್ತಾರೆ. ಅಲ್ಲಿ ಬಲೆ ಬೀಸುವುದು ನಿಷಿದ್ಧ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಐತಿಹ್ಯವನ್ನೂ ಈ ಹಿನ್ನೆಲೆಯಲ್ಲಿ ಗಮನಿಸಬಹುದು. ಸೀತೆಯ ಮುತ್ತಿನ ಮೂಗುತಿ ಹೊಳೆಗೆ ಬೀಳಲು, ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂದೂ ಆದ್ದರಿಂದಲೇ ಮುತ್ತೆತ್ತಿರಾಯನೆನಿಸಿದನೆಂದೂ ಜನ ಹೇಳುತ್ತಾರೆ. ಮಡುವಿನ ತಳ ಮನುಷ್ಯನ ಕೈಗೆಟುಕದ ಲೋಕವೆಂಬ ಭಾವ ಈ ಕಥೆಯಲ್ಲಿ ಅಡಗಿದೆ.

ಆ ತಳದ ಒಡೆಯನೆನ್ನಬಹುದಾದದ್ದು ಬಿಳಿಮೀನು. ಇಂಗ್ಲಿಷರು ಮಹಸೀರ್ ಎಂದು ಕರೆದ ಈ ಮೀನು 1873ರಲ್ಲಿ ಪ್ರಕಟವಾದ ಎಚ್.ಎಸ್. ಥಾಮಸರ ಗಾಳದ ಬೇಟೆಯ ಗ್ರಂಥದಿಂದ ಪಾಶ್ಚಾತ್ಯರಲ್ಲಿ ಪ್ರಸಿದ್ಧವಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮೀನನ್ನು ಹಿಡಿದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬೇಟೆಗಾರರು ಕಾವೇರಿಗೆ ಬಂದಮೇಲೆ ಮಳವಳ್ಳಿಯ ಭೀಮೇಶ್ವರಿಯಲ್ಲಿ ಗಾಳದ ಶಿಬಿರ ಬೆಳೆಯಿತು. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದು ಅಲ್ಲಿಯ ನಿಯಮವಾಗಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಹೊಳೆಯನ್ನು ಬಲ್ಲವರೆಂಬ ಕಾರಣದಿಂದ ಶಿಬಿರದ ಮಾರ್ಗದರ್ಶಿಗಳಾದರು. ಈ ಭಾಗ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಮುಂದೆ ಗಾಳದ ಬೇಟೆ ಇಲ್ಲಿ ನಿಂತುಹೋಯಿತು.

ಇಲ್ಲೊಂದು ವಿಪರ್ಯಾಸವಿದೆ. ಮೀನಿನ ಸಂಖ್ಯೆಯನ್ನು ಹೆಚ್ಚಿಸುವ ಸದುದ್ದೇಶದಿಂದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ಹೆಚ್ಚಿದವು, ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ, ಡುಬ್ಬದ ಮಹಸೀರ್ ಕ್ಷೀಣಿಸಿತು. ಬೇಟೆಗಾರರಿಗೆ ಶತಮಾನಕ್ಕೂ ಮಿಗಿಲಾಗಿ ಪರಿಚಿತವಾಗಿದ್ದ ಈ ಮೀನಿನ ಶಾಸ್ತ್ರೀಯ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತು. ಅಣೆಕಟ್ಟೆ, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಗಳೂ ಅದನ್ನು ಕಾಡಿವೆ. ಎರಡೂ ಮಹಸೀರ್‌ಗಳೇ ಎಂದು ಒಂದರ ಬದಲಿಗೆ ಇನ್ನೊಂದನ್ನು ಎಣಿಸಿದಾಗ ಏನು ಕಳೆದುಹೋಗುತ್ತದೆಂಬುದಕ್ಕೆ ಇದು ನಿದರ್ಶನ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಈ ಚರಿತ್ರೆಯ ಇನ್ನೊಂದು ಮುಖ. ಊರ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಜನ ಭಾವಿಸುತ್ತಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಈ ಹಕ್ಕಿಗಳ ಬಾಣಂತನ ನಡೆಯುವುದು ಶಿಂಷಾ ನದಿಯ ಹಾಗೂ ಸುತ್ತಲ ಕೆರೆಗಳ ಮೀನಿನಿಂದ. 2017-18ರಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ಸತ್ತಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದವು. ಅವು ಮೀನಿನ ಮೂಲಕ ಸೇರುವಂಥವು. ಊರಿನವರು ಮರವನ್ನು ಕಾಯಬಲ್ಲರು. ಹಲವು ಊರುಗಳ ಕೊಳೆ ಹರಿದು ಸೇರುವ ನೀರನ್ನು ಅವರೊಬ್ಬರೇ ಕಾಯಲಾರರು.

ಮಡು ಮತ್ತು ಮತ್ಸ್ಯಾಲಯಗಳ ನಡುವಣ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಗಾಜಿನ ತೊಟ್ಟಿ ಮೀನನ್ನು ಕಣ್ಣಿನ ಸಮೀಪಕ್ಕೆ ತರುತ್ತದೆ. ಆದರೆ ಅದರ ಹೊಳೆಯನ್ನೂ ಹಕ್ಕಿಯನ್ನೂ ಕಥೆಯನ್ನೂ ಹೊರಗಿಡುತ್ತದೆ. ಕಾವೇರಿ ತೀರದ ಮತ್ಸ್ಯಾಲಯವೊಂದು ಅಲಂಕಾರದ ಮೀನುಗಳಿಗೆ ತೃಪ್ತವಾಗದೆ ಕಾವೇರಿ, ಶಿಂಷಾಗಳ ಮೀನುಗಳನ್ನು ಆಡುನುಡಿಯ ಹೆಸರುಗಳೊಡನೆ ತೋರಿಸಬೇಕು. ಆ ಹೆಸರುಗಳನ್ನು ಬಲ್ಲವರು ಬಲೆ, ಗಾಳ, ಹರಿಗೋಲುಗಳೊಡನೆ ಬಾಳಿದ ಬೆಸ್ತರು. ಅವರ ತಿಳಿವಳಿಕೆಯನ್ನು ಅವರಿರುವಾಗಲೇ ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಹೊಣೆ.