ಕಂತು ಮತ್ತು ಗಣಿತ



ನಾನು ಖಾನಾಪುರದಲ್ಲಿ ಶಿಕ್ಷಕನಾಗಿ ಸೇರಿದಾಗ ಬೆಳಗಾವಿ ರಸ್ತೆಯಲ್ಲಿ ಯೆಜ್ಡಿಯ ಸದ್ದು ಕೇಳುತ್ತಿತ್ತು. 1961ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಗಾಡಿಗಳ ರೂಪ ವರ್ಷಗಟ್ಟಲೆ ಬದಲಾಗುತ್ತಿರಲಿಲ್ಲ. ನಮ್ಮ ಹಿರಿಯರು ಹಣ ಕೂಡಿಟ್ಟು ಕೊಳ್ಳುತ್ತಿದ್ದರು.

2001ರಲ್ಲಿ ಪಲ್ಸರ್, 2003ರಲ್ಲಿ ಕರಿಜ್ಮಾ, 2008ರಲ್ಲಿ ಯಮಹಾ ಆರ್15 ಬಂದವು. ಹೊಸ ರೂಪಗಳು ಬೇಗಬೇಗ ಬಂದಂತೆ ಕಂತಿನ ಸಾಲವೂ ಊರೂರಿಗೆ ಬಂದಿತು.

ಬೆಳಗಾವಿಗೆ ಕೆಲಸಕ್ಕೆ ಹೋಗುತ್ತಿದ್ದ ಶಿಷ್ಯನೊಬ್ಬನಿಗೆ ನಾನೇ ಜಾಮೀನು ನಿಂತೆ. "ನೂರಕ್ಕೆ ಹತ್ತೇ ಬಡ್ಡಿ, ಸರ್" ಎಂದಿದ್ದ. ಗಣಿತ ಕಲಿಸಿದ ನಾನು ಲೆಕ್ಕ ಹಾಕಲಿಲ್ಲ. 1 ಲಕ್ಷ ರೂಪಾಯಿಯ ಪೂರ್ತಿ ಅಸಲಿಗೆ ಮೂರು ವರ್ಷವೂ ಬಡ್ಡಿ ಹಿಡಿದರೆ ಕಟ್ಟಬೇಕಾದುದು 1,30,000, ತಿಂಗಳಿಗೆ ಸುಮಾರು 3,611. ತೀರಿದ ಅಸಲನ್ನು ಕಳೆದು ಎಣಿಸಿದರೆ ನಿಜವಾದ ದರ ನೂರಕ್ಕೆ ಸುಮಾರು 18.

ಕಂತು ತಪ್ಪಿತು, ವಸೂಲಿಯವರು ಗಾಡಿಯನ್ನು ನಡುಬೀದಿಯಲ್ಲಿ ಕಸಿದುಕೊಂಡರು. ಬಲಪ್ರಯೋಗದ ವಸೂಲಿಯನ್ನು ಸುಪ್ರೀಂ ಕೋರ್ಟ್ 2007ರಲ್ಲಿಯೇ ಖಂಡಿಸಿತ್ತೆಂಬುದು ನಮಗೆ ತಿಳಿದಿರಲಿಲ್ಲ. ಗಾಡಿ ಮಾರಿದ ಮೇಲೂ ಉಳಿದ ಬಾಕಿ ನನ್ನ ಸಂಬಳದಿಂದ ತೀರಿತು.

ಅಂದಿನಿಂದ ಅವನು ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಇದನ್ನು ಓದಿದರೆ ಮನೆಗೆ ಬಾರಪ್ಪ. ಲೆಕ್ಕ ತಪ್ಪಿದವರು ನಾವಿಬ್ಬರೂ.